ಒಂದೇ ಕೋವಿ, ಮೂರು ಜನ್ಮ

ಪ್ರಶ್ನೆ: ನಾನು ಓಹಾಯೋದಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಹಳೇ ಸಾಮಾನಿನ ಹರಾಜಿನಲ್ಲಿ ಒಂಟಿ ನಳಿಕೆಯ ಕೋವಿ ಕೊಂಡೆ. ತೋಟೆ ಹಾಕುವ ಕಡೆ ‘ಜುಲು’ ಅಂತಲೂ ‘ಆಸಿಯೆ ಫೋಂದು’ ಅಂತಲೂ ಕೊರೆದಿದೆ. ಆಫ್ರಿಕಾದ ಜುಲು ಯುದ್ಧದ್ದಾ? 12 ನಂಬರ್ ತೋಟೆ ಸರಿಯಾಗಿ ಕೂರುತ್ತೆ, ಒಂದು ಸಲ ಹೊಡೆದು ನೋಡಬಹುದಾ? ಪಾಲಿಶ್ ಮಾಡಿಸಿ ಊರಿಗೆ ತರುವ ಆಸೆ.

ಉತ್ತರ: ಮೊದಲು ಒಂದು ಮಾತು, ದಯವಿಟ್ಟು ಹೊಡೆಯಬೇಡಿ. ತೋಟೆ ಸರಿಯಾಗಿ ಕೂರುತ್ತೆ ಅನ್ನೋದೇ ಇಲ್ಲಿ ಅಪಾಯ. ಈ ಕೋವಿ ಕಪ್ಪು ಮದ್ದಿನ ಕಾಲದ್ದು, ಇವತ್ತಿನ ತೋಟೆಯ ಒತ್ತಡಕ್ಕೆ ಮಾಡಿದ್ದಲ್ಲ. ಪಕ್ಕಕ್ಕೆ ತೆರೆಯುವ ಆ ಮುಚ್ಚಳ ನೋಡಿ, ಅದಕ್ಕೆ ಗಟ್ಟಿಯಾದ ಚಿಲಕವೇ ಇಲ್ಲ, ಅದರ ಹಿಂದೆಯೇ ನಿಮ್ಮ ಮುಖ ಇರುತ್ತೆ.

ಜುಲು ಯುದ್ಧಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ವ್ಯಾಪಾರದ ಹೆಸರು. ‘ಆಸಿಯೆ ಫೋಂದು’ ಕೂಡ ತಯಾರಕರ ಹೆಸರಲ್ಲ, ಫ್ರೆಂಚ್‌ನಲ್ಲಿ ಎರಕದ ಉಕ್ಕು ಅಂತ ಅರ್ಥ, ಬಹಳ ಜನ ಇಲ್ಲಿ ಮೋಸ ಹೋಗುತ್ತಾರೆ. ಇದು ಹುಟ್ಟಿದ್ದು ಫ್ರಾನ್ಸಿನ ಸೈನ್ಯಕ್ಕೆ. ನಮ್ಮ ಮಲೆನಾಡಿನ ಕೇಪಿನ ಕೋವಿ ಹಾಗೆ ಬಾಯಿಯಿಂದ ಮದ್ದು ತುಂಬಿ ಗಜದ ಕೋಲಿನಲ್ಲಿ ಇಡಿಯುತ್ತಿದ್ದ ಬಂದೂಕು, ನಳಿಕೆಯ ಒಳ ಅಗಲ ಸುಮಾರು 17.8 ಮಿಲಿಮೀಟರ್. 1866ರಲ್ಲಿ ಶಾಸ್ಪೋ ಅನ್ನುವ ಹೊಸ ರೈಫಲ್ ಬಂತು, ಆದರೆ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಅದಕ್ಕೆ 1867ರಲ್ಲಿ ಹಳೇ ಬಂದೂಕುಗಳ ಹಿಂಭಾಗ ಕತ್ತರಿಸಿ, ತೋಟೆ ಹಾಕಲು ಮುಚ್ಚಳ ಕೂರಿಸಿದರು. ನಶ್ಯದ ಡಬ್ಬಿ ಹಾಗೆ ತೆರೆಯುತ್ತೆ ಅಂತ ‘ತಬಾತಿಯೇರ್’ ಅಂದರು, ಹಾಗಂದರೆ ನಶ್ಯದ ಡಬ್ಬಿಯೇ. 1870ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾ ಜೊತೆ ಯುದ್ಧ ಆದಾಗ ಎರಡನೇ ಸಾಲಿನ ಪಡೆಗಳ ಕೈಗೆ ಇವು ಹೋದವು.

ಯುದ್ಧ ಮುಗಿದ ಮೇಲೆ ಇವು ಯಾರಿಗೂ ಬೇಡವಾದವು. ಬೆಲ್ಜಿಯಂನ ಲಿಯೆಜ್ ಊರಿನ ಕೋವಿ ಕೆಲಸಗಾರರು ಅಗ್ಗಕ್ಕೆ ಕೊಂಡು, ನಳಿಕೆ ಒಳಗಿನ ಗೀರು ತೆಗೆದು ನುಣ್ಣಗೆ ಮಾಡಿ, ಮರ ಕಡಿಮೆ ಮಾಡಿ, ಚರೆ ಹೊಡೆಯುವ ಕೋವಿ ಮಾಡಿ ಹಡಗು ಹತ್ತಿಸಿದರು. ಅಮೆರಿಕದ ಬಡ ರೈತರು ಕೆಲವೇ ಡಾಲರ್ ಕೊಟ್ಟು ಕೊಂಡರು. ನನಗೆ ಇದೇ ಇಷ್ಟ, ರಾಜಮಹಾರಾಜರ ಕೋವಿಗಿಂತ ಜಾಸ್ತಿ.

ಅದಕ್ಕೇ ಪಾಲಿಶ್ ಬೇಡ! ಕೋವಿಯ ಕುದುರೆ, ಅಂದರೆ ಬಡಿಯುವ ಸುತ್ತಿಗೆ, ಅದರ ಪಕ್ಕದ ಕಬ್ಬಿಣದ ತಟ್ಟೆ ಮೇಲೆ ಓರೆ ಬೆಳಕು ಬಿಟ್ಟು ನೋಡಿ. ಫ್ರಾನ್ಸಿನ ಕೋವಿ ಕಾರ್ಖಾನೆಗಳಿದ್ದ ಸೇಂಟ್ ಎಟಿಯೆನ್, ಮುಟ್ಜಿಗ್, ಶಾತೆಲ್ರೋ, ತುಲ್ ಊರುಗಳಲ್ಲಿ ಒಂದರ ಹೆಸರು ಮಾಸಿ ಹೋಗಿದ್ದರೂ ಇರಬಹುದು. ನಳಿಕೆ ಮೇಲೆ ಮೊಟ್ಟೆ ಆಕಾರದೊಳಗೆ ಇ, ಎಲ್, ಜಿ ಅಕ್ಷರ ಕಂಡರೆ ಅದು ಲಿಯೆಜ್ ಪರೀಕ್ಷೆಯ ಗುರುತು. ಮರಳು ಕಾಗದ ಉಜ್ಜಿದರೆ ಇದೆಲ್ಲ ಹೋಗುತ್ತೆ, ಮತ್ತೆ ಬರಲ್ಲ. ತೆಳುವಾಗಿ ಎಣ್ಣೆ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು.

ಊರಿಗೆ ತರುವ ಯೋಚನೆ ಬಿಟ್ಟುಬಿಡಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898ರವರೆಗೆ ತಯಾರಾದದ್ದು ಪುರಾತನ ವಸ್ತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಾಗಲ್ಲ, ರಿಪೇರಿ ಮಾಡಿದರೂ ಹೊಡೆಯಲು ಆಗದ ಹಳೇ ಆಯುಧಕ್ಕೆ ಮಾತ್ರ ವಿನಾಯಿತಿ. ನಿಮ್ಮದರಲ್ಲಿ ತೋಟೆ ಕೂರುತ್ತೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಅದು ಓಹಾಯೋದಲ್ಲೇ ಗೋಡೆ ಮೇಲಿರಲಿ. ತಟ್ಟೆಯ ಅಕ್ಷರ ಓದಲು ಬಂದರೆ ಫೋಟೋ ಕಳಿಸಿ.