‘ಒಡ್ಡು’ ಕತೆ ವಾಪಸ್ ಕಳಿಸುತ್ತಾ

ನಮಸ್ಕಾರ.

ನೀವು ಪ್ರಕಟಣೆಗೆ ಕಳಿಸಿದ ‘ಒಡ್ಡು’ ಕತೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗದು. ಹಾಗಂತ ಬಿಸಾಕುವ ಕತೆಯೂ ಅಲ್ಲ. ಬೆಂಗಳೂರಿನಿಂದ ಹಾವೇರಿ ಕಡೆಯ ತನ್ನ ಊರಿಗೆ ಬಂದ ಮಗ, ಹೊಲ ಮಾರಲು ಅಪ್ಪ ಆಗಲೇ ಸಹಿ ಹಾಕಿರುವುದನ್ನು ಟ್ರಂಕಿನಲ್ಲಿದ್ದ ಕಾಗದದಲ್ಲಿ ನೋಡುತ್ತಾನೆ. ಇಷ್ಟು ವಸ್ತು ಒಂದು ಕತೆಗೆ ಸಾಕು. ‘ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ’ ಎಂದಿದ್ದೀರಿ. ರಾತ್ರಿ ಬರೆದದ್ದಕ್ಕೆ ನನ್ನ ತಕರಾರಿಲ್ಲ. ಬೆಳಗ್ಗೆಯೇ ಕಳಿಸಿಬಿಟ್ಟಿರಲ್ಲ, ಅದಕ್ಕೆ.

ಮೊದಲು ಉದ್ದದ ಮಾತು. 6,200 ಪದಗಳಿವೆ. ಟ್ರಂಕು ತೆರೆಯುವುದು ನಾಲ್ಕನೇ ಪುಟದ ಕೊನೆಗೆ. ಅಲ್ಲಿಯವರೆಗೆ ಬಸ್ ಪ್ರಯಾಣ, ಬಾಲ್ಯ, ಸೂರ್ಯೋದಯ. ಕತೆಯನ್ನು ಪ್ರಿಂಟ್ ತೆಗೆದು, ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲಿನಲ್ಲಿ ‘ಇಲ್ಲಿ ಏನು ಬದಲಾಯಿತು’ ಎಂದು ನಾಲ್ಕೈದು ಪದಗಳಲ್ಲಿ ಬರೆಯಿರಿ. ಬರೆಯಲು ಏನೂ ತೋಚದ ಪ್ಯಾರಾಗಳಿಗೆ ಕತ್ತರಿ. ಅಂಥವು ಹನ್ನೊಂದು ನನಗೆ ಸಿಕ್ಕವು. ಪ್ರಿಂಟ್ 14 ಪಾಯಿಂಟಿನಲ್ಲಿರಲಿ, ಸಾಲುಗಳ ಅಂತರ ಎರಡರಷ್ಟಿರಲಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಒಂದರ ಅಂತರದಲ್ಲಿ ತಿದ್ದಲು ಜಾಗವೇ ಉಳಿಯುವುದಿಲ್ಲ. ಜಾಗವಿಲ್ಲದಿದ್ದರೆ ಕೈ ತಿದ್ದುವುದನ್ನೇ ಬಿಡುತ್ತದೆ.

ಇನ್ನು ವಾಕ್ಯಕ್ಕೆ ಬರೋಣ. ಐದನೇ ಪುಟದಲ್ಲಿ ಹೀಗಿದೆ: ‘ಕಾಗದವನ್ನು ನೋಡಿದ ಅವನ ಹೃದಯವು ದುಃಖದಿಂದ ತುಂಬಿಹೋಯಿತು ಮತ್ತು ಅವನು ತನ್ನ ಕಣ್ಣುಗಳಿಂದ ಕಣ್ಣೀರನ್ನು ಸುರಿಸಲು ಪ್ರಾರಂಭಿಸಿದನು.’ ಕಣ್ಣೀರು ಕಣ್ಣಿನಿಂದಲ್ಲದೆ ಇನ್ನೆಲ್ಲಿಂದ ಬಂದೀತು? ‘ಪ್ರಾರಂಭಿಸಿದನು’ ಅಂದಮೇಲೆ ಯಾವಾಗ ನಿಲ್ಲಿಸಿದ? ಎರಡು ಕ್ರಿಯೆಗಳನ್ನು ‘ಮತ್ತು’ ಹಾಕಿ ಹೊಲಿಯುವುದು ನಮ್ಮ ಮಾತಿನ ಜಾಯಮಾನವಲ್ಲ. ‘ನೋಡಿ’, ‘ಮಡಚಿ’, ‘ಎದ್ದು’ ಎಂದು ಒಂದರ ಬೆನ್ನಿಗೆ ಇನ್ನೊಂದು ತಾನಾಗಿ ಸಾಗುತ್ತದೆ. ಇದರ ಕೆಳಗೆ ಎರಡೇ ಸಾಲು ಬಿಟ್ಟು ನೀವೇ ಬರೆದಿರುವುದನ್ನು ನೋಡಿ: ‘ಕಾಗದ ಮಡಚಿ ಟ್ರಂಕಿನಲ್ಲಿಟ್ಟ. ಚಿಲಕ ಎರಡು ಸಲ ತಪ್ಪಿತು.’ ಮೇಲಿನದನ್ನು ಹೊಡೆದುಹಾಕಿ, ಇದನ್ನು ಉಳಿಸಿ. ಕತೆ ಪೂರ್ತಿ ‘ಮತ್ತು’ ಹುಡುಕಿ. 74 ಇವೆ, ಹತ್ತು ಉಳಿದರೆ ಹೆಚ್ಚು.

ಅವ್ವನ ಮಾತು ಇನ್ನೊಂದು ತಲೆನೋವು. ಮೂರನೇ ಪುಟದಲ್ಲಿ ‘ಊಟ ಮಾಡ್ಕೊಂಡು ಹೋಗೋದಲ್ವಾ ಮಗನೇ’ ಎಂದು ಮೈಸೂರಿನವಳಾಗುತ್ತಾಳೆ. ಏಳನೇ ಪುಟದಲ್ಲಿ ‘ಯಾಕ್ ಹೊಂಟಿ? ಒಂದ್ ರೊಟ್ಟಿ ತಿಂದ್ ಹೋಗೋ’ ಎಂದು ತನ್ನೂರಿಗೆ ಮರಳುತ್ತಾಳೆ. ಒಂದೊಂದು ಪಾತ್ರದ ಮಾತನ್ನಷ್ಟೇ ಬೇರೆ ಕಡತಕ್ಕೆ ನಕಲು ಮಾಡಿ ಒಟ್ಟಿಗೆ ಓದಿದರೆ ಈ ಎಡವಟ್ಟು ಕೂಡಲೇ ಕಾಣುತ್ತದೆ. ಹಾವೇರಿ ಕಡೆಯವರು ಹೊಲದ ದಾಖಲೆಗೆ ‘ಪಹಣಿ’ಗಿಂತ ‘ಉತಾರ’ ಅನ್ನುವುದೇ ಹೆಚ್ಚು. ಹತ್ತಿ ‘ಕೊಯ್ಯು’ವುದಿಲ್ಲ, ‘ಬಿಡಿಸು’ತ್ತಾರೆ. ಇಂಥ ಪದಗಳಿಗೆ ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ ಇರಲಿ. ಕೇಳಿದ ಮಾತನ್ನು ಕೇಳಿದ ಹಾಗೇ ಬರೆದು, ಪಕ್ಕದಲ್ಲಿ ಊರು, ಆಡಿದವರ ಅಂದಾಜು ವಯಸ್ಸು ಗುರುತಿಸಿ. ಮನೆಗೆ ಹೋಗಿ ಬರೆಯುತ್ತೇನೆಂದರೆ ದಾರಿಯಲ್ಲೇ ಅದು ಪುಸ್ತಕದ ಕನ್ನಡವಾಗಿಬಿಡುತ್ತದೆ.

ನಿಘಂಟನ್ನು ದೊಡ್ಡ ಪದ ಹುಡುಕಲು ತೆರೆಯಬೇಡಿ, ಗೊತ್ತಿದೆ ಅಂದುಕೊಂಡ ಪದವನ್ನು ಪರೀಕ್ಷಿಸಲು ತೆರೆಯಿರಿ. ಅವಸರಕ್ಕೆ ಅಂತರ್ಜಾಲದ ‘ಅಲರ್’ ನಿಘಂಟು ಸಾಕು. ಹಳೆಯ ಪದಗಳಿಗೆ 1894ರ ಕಿಟೆಲ್ ನಿಘಂಟು, ಪ್ರಯೋಗಗಳ ಸಮೇತ ಬೇಕಿದ್ದರೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ.

ಸಂಗತಿಗಳ ತಪ್ಪು ಮೂರು. ಕತೆ ನಡೆಯುವುದು 1992ರಲ್ಲಿ, ಆದರೆ ಬಸ್ಸಿನ ಮೇಲೆ ‘ವಾಯವ್ಯ ಕರ್ನಾಟಕ ಸಾರಿಗೆ’ ಎಂದಿದೆ. ಆ ಸಂಸ್ಥೆ ಬೇರೆಯಾದದ್ದು 1997ರಲ್ಲಿ. ಮಳೆ ಆಶ್ರಯದ ಹತ್ತಿಯನ್ನು ಮುಂಗಾರಿನಲ್ಲಿ ಬಿತ್ತುತ್ತಾರೆ, ನೀವು ಜೂನಿನಲ್ಲೇ ಬಿಡಿಸಿದ್ದೀರಿ. ಜೋರು ಮಳೆಯಾದ ಮರುದಿನವೇ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದ್ದೀರಿ, ಅದು ಗಾಲಿ ಹೂತುಕೊಂಡು ನಿಲ್ಲುತ್ತದೆ. (ಹೂತುಕೊಳ್ಳಲಿ, ಕತೆಗೆ ಒಳ್ಳೆಯದೇ.) ಒಂದು ಹಾಳೆಯಲ್ಲಿ ಇಸವಿ, ತಿಂಗಳು, ಪ್ರತಿ ಪಾತ್ರ ಹುಟ್ಟಿದ ವರ್ಷ, ಆಗ ಹೊಲದಲ್ಲಿ ಏನಿತ್ತು ಎಂಬ ನಾಲ್ಕು ಕಾಲಂ ಹಾಕಿಕೊಂಡಿದ್ದರೆ ಮೊದಲೆರಡು ಅಲ್ಲೇ ಸಿಗುತ್ತಿದ್ದವು.

ಕಡತದ ವಿಷಯವನ್ನು ಬೇಸರದಿಂದಲೇ ಹೇಳಬೇಕು. ನೀವು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್‌ಗಿಂತ ಮೊದಲಿನ ಬಗೆಯ) ಫಾಂಟಿನಲ್ಲಿ ಕಳಿಸಿದ್ದೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಯುರೋಪಿನ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಜಾಗ ತಪ್ಪುವುದುಂಟು, ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುವುದುಂಟು. ನುಡಿಯಲ್ಲೇ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಆರಿಸಿಕೊಳ್ಳಿ, ಬೆರಳಿನ ರೂಢಿ ಬದಲಿಸಬೇಕಿಲ್ಲ. ಒಂದು ಸೂಕ್ಷ್ಮ: ‘ಸಾಫ್ಟ್‌ವೇರ್’ ಬರೆಯುವಾಗ ಟ ಮತ್ತು ವ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಅಕ್ಷರ ಹಾಕದಿದ್ದರೆ ‘ಸಾಫ್ಟ್ವೇರ್’ ಎಂದು ಒತ್ತು ಬೀಳುತ್ತದೆ. ಒಮ್ಮೆ ಹಾಗೆ, ಒಮ್ಮೆ ಹೀಗೆ ಬರೆದರೆ ಹುಡುಕಿ ತಿದ್ದುವಾಗ ಅರ್ಧ ಸಿಗುವುದೇ ಇಲ್ಲ. ಪಿಡಿಎಫ್ ಬೇಡ, ಪುಟಗಳ ಫೋಟೋ ಅಂತೂ ಬೇಡವೇ ಬೇಡ.

ಫೋನಿಗೆ ಹೇಳಿ ಬರೆಸುವುದು ಮೊದಲ ಕರಡಿಗೆ ಒಳ್ಳೆಯದು. ಆದರೆ ಪೂರ್ಣವಿರಾಮಗಳನ್ನು ಆಮೇಲೆ ನೀವೇ ಹಾಕಬೇಕಾದೀತು, ‘ಹಾಡು’ ‘ಆಡು’ ಅದಲುಬದಲಾದೀತು. ಅದಕ್ಕಿಂತ ಹೆಚ್ಚಿನ ಉಪಯೋಗ ಇದರ ಉಲ್ಟಾ ಕೆಲಸದಲ್ಲಿದೆ: ಬರೆದದ್ದನ್ನು ಫೋನಿನಿಂದ ಓದಿಸಿ ಕೇಳಿ. ಬಿಟ್ಟುಹೋದ ಪದವನ್ನು ನಿಮ್ಮ ಕಣ್ಣು ತಾನೇ ತುಂಬಿಕೊಳ್ಳುತ್ತದೆ, ಯಂತ್ರ ಇದ್ದದ್ದನ್ನಷ್ಟೇ ಓದುತ್ತದೆ. ಕಾಗುಣಿತ ಪರೀಕ್ಷಕವನ್ನು ಪೂರ್ತಿ ನಂಬಬೇಡಿ. ಪ್ರತ್ಯಯ ಅಂಟಿದ ‘ಮನೆಯವರಿಗೂ’ ಥರದ ಸರಿಯಾದ ಪದಕ್ಕೂ ಕೆಂಪು ಗೆರೆ ಎಳೆದೀತು. ನಿಮ್ಮವೇ ಖಾಯಂ ತಪ್ಪುಗಳ ಪಟ್ಟಿ ಮಾಡಿಕೊಳ್ಳಿ. ಈ ಕತೆಯಿಂದ ಮೂರು: ‘ದುರಾವಸ್ಥೆ’ ಅಲ್ಲ ದುರವಸ್ಥೆ, ‘ಉಚ್ಛಾರಣೆ’ ಅಲ್ಲ ಉಚ್ಚಾರಣೆ, ‘ಜಾತ್ಯಾತೀತ’ ಅಲ್ಲ ಜಾತ್ಯತೀತ.

ಈಗ ಹತ್ತು ದಿನ ಕತೆ ಮುಟ್ಟಬೇಡಿ. ಆಮೇಲೆ ಮೂರು ಸುತ್ತು, ಬೇರೆ ಬೇರೆ ದಿನ: ಒಂದು ಕತೆಯ ಹಂದರಕ್ಕೆ, ಒಂದು ಕಿವಿಗೆ, ಕೊನೆಯದು ಕಾಗುಣಿತಕ್ಕೆ. ಒಟ್ಟಿಗೆ ಮಾಡಿದರೆ ದೀರ್ಘ, ಒತ್ತು ತಿದ್ದುತ್ತಾ ಕೂತು, ತೆಗೆಯಬೇಕಾದ ಪುಟವನ್ನೇ ಚಂದ ಮಾಡಿಟ್ಟಿರುತ್ತೀರಿ. ಪ್ರತಿ ಸುತ್ತಿನ ಕಡತಕ್ಕೂ ಹೆಸರಿನ ಜೊತೆ ತಾರೀಖು ಹಾಕಿ ಬೇರೆಯಾಗಿ ಉಳಿಸಿ. ಮೊದಲ ಸುತ್ತಿನಲ್ಲಿ ತೆಗೆದದ್ದು ಎರಡನೆಯದರಲ್ಲಿ ಬೇಕಾಗುತ್ತದೆ.

3,500 ಪದದೊಳಗೆ ತಂದು ಮತ್ತೆ ಕಳಿಸಿ, ಖಂಡಿತ ಓದುತ್ತೇನೆ. ಒಂದು ಅನುಮಾನ ಉಳಿದಿದೆ: ಅವ್ವ ಬುತ್ತಿ ಕಟ್ಟುವಾಗ ಜೋಳದ ರೊಟ್ಟಿ, ಮಗ ಬಸ್ಸಿನಲ್ಲಿ ಬಿಚ್ಚಿದಾಗ ಸಜ್ಜೆಯದು. ಬೇಕೆಂದೇ ಮಾಡಿದ್ದೀರಾ, ಕೈತಪ್ಪೋ?