ಮೊದಲ ಆಯ್ಕೆಯೊಂದರಿಂದಲೇ ತಂಡ ಕಟ್ಟಲಾಗದು: ಬೇಸ್‌ಬಾಲ್ ಡ್ರಾಫ್ಟ್ ಮತ್ತು ಟ್ರೇಡ್ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗಾಗಿ ಆಯ್ದುಕೊಂಡ ಪ್ರಶ್ನೆಗಳೆಲ್ಲವೂ ಅಮೆರಿಕದ ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಸುತ್ತ ಇವೆ. ಸತತವಾಗಿ ಸೋಲುತ್ತಿದ್ದ ತಂಡವೊಂದು ಎಳೆಯ ಆಟಗಾರರನ್ನು ಆರಿಸಿ, ಬೆಳೆಸಿ, ಕೆಲವರನ್ನು ಟ್ರೇಡ್‌ನಲ್ಲಿ, ಅಂದರೆ ಬೇರೆ ತಂಡದ ಆಟಗಾರರಿಗೆ ಬದಲಾಗಿ, ಬಿಟ್ಟುಕೊಟ್ಟು 2017ರಲ್ಲಿ ವರ್ಲ್ಡ್ ಸೀರೀಸ್ (ವರ್ಷದ ಚಾಂಪಿಯನ್ನರನ್ನು ನಿರ್ಧರಿಸುವ ಅಂತಿಮ ಸರಣಿ) ಗೆದ್ದ ಬಗೆಯನ್ನು ತಿಳಿದರೆ, ಬೇರೆ ತಂಡಗಳ ನಡೆಗಳೂ ತಕ್ಕಮಟ್ಟಿಗೆ ಅರ್ಥವಾಗುತ್ತವೆ.

ಪ್ರಶ್ನೆ: ಐಪಿಎಲ್ ಹರಾಜಿಗೂ ಬೇಸ್‌ಬಾಲ್ ಡ್ರಾಫ್ಟ್‌ಗೂ ಏನು ವ್ಯತ್ಯಾಸ? ಹಣ ಹೆಚ್ಚಿರುವ ತಂಡವೇ ಒಳ್ಳೆಯ ಹುಡುಗರನ್ನು ಕೊಂಡುಕೊಳ್ಳುವುದಿಲ್ಲವೇ? (ಶಿವಮೊಗ್ಗದ ಓದುಗರು)

ಡ್ರಾಫ್ಟ್‌ನಲ್ಲಿ ಕೂಗಿ ಕೊಳ್ಳುವ ಪದ್ಧತಿಯೇ ಇಲ್ಲ. ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬ ಆಟಗಾರನ ಹೆಸರನ್ನು ಹೇಳುತ್ತವೆ, ಹಾಗೆ ಹೆಸರಾದವನೊಡನೆ ಒಪ್ಪಂದದ ಮಾತನಾಡುವ ಹಕ್ಕು ಆ ತಂಡಕ್ಕೆ ಮಾತ್ರ ಇರುತ್ತದೆ. 1965ರಲ್ಲಿ ಈ ಪದ್ಧತಿ ಆರಂಭವಾದಾಗಿನಿಂದ ಹೆಚ್ಚು ಸೋತ ತಂಡಕ್ಕೆ ಮುಂಚಿನ ಸರದಿ ಎಂಬುದೇ ಅದರ ಮೂಲ ನಿಯಮ. ಕನ್ನಡಿಗರಿಗೆ ಇದು ತೀರ ಅಪರಿಚಿತವೂ ಅಲ್ಲ. 2008ರಲ್ಲಿ ಐಪಿಎಲ್‌ನ ಮೊದಲ ಆವೃತ್ತಿಗೆ ಮುನ್ನ 19 ವರ್ಷದೊಳಗಿನವರ ವಿಶ್ವಕಪ್ ಆಡಿದ್ದ ಹುಡುಗರನ್ನು ಡ್ರಾಫ್ಟ್ ಮೂಲಕವೇ ಹಂಚಲಾಗಿತ್ತು. ದೆಹಲಿ ತಂಡವು ತನ್ನೂರಿನ ವಿರಾಟ್ ಕೊಹ್ಲಿಯವರನ್ನು ಬಿಟ್ಟು ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು, ಕೊಹ್ಲಿ ಬೆಂಗಳೂರಿಗೆ ಬಂದರು. ತನ್ನ ಸರದಿ ಬಂದಾಗ ಯಾರ ಹೆಸರು ಹೇಳಬೇಕು ಎಂಬ ಒಂದು ತೀರ್ಮಾನ ಎಷ್ಟು ವರ್ಷಗಳ ಪರಿಣಾಮವನ್ನು ಹೊತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನನಗೆ ತೋಚುವುದಿಲ್ಲ.

ಹಣದ ವಿಷಯದಲ್ಲೂ ಕಡಿವಾಣವಿದೆ. 2012ರಿಂದ ಮೊದಲ ಹತ್ತು ಸುತ್ತುಗಳ ಪ್ರತಿಯೊಂದು ಆಯ್ಕೆಗೂ ಸಹಿ ಹಾಕುವಾಗ ಕೊಡುವ ಬೋನಸ್ ಆಗಿ ‘ಸ್ಲಾಟ್’ ಎಂಬ ಮೊತ್ತವನ್ನು ಗೊತ್ತುಪಡಿಸಲಾಗಿದೆ, ಒಂದು ತಂಡದ ಎಲ್ಲ ಸ್ಲಾಟ್‌ಗಳನ್ನು ಕೂಡಿಸಿದರೆ ಬರುವುದೇ ಅದರ ಬೋನಸ್ ಪೂಲ್. ಪೂಲನ್ನು ಸ್ವಲ್ಪ ಮೀರಿದರೆ ದಂಡ ಕಟ್ಟಬೇಕು, ಶೇ 5ಕ್ಕಿಂತ ಹೆಚ್ಚು ಮೀರಿದರೆ ಮರುವರ್ಷದ ಮೊದಲ ಸುತ್ತಿನ ಆಯ್ಕೆಯೇ ಕೈತಪ್ಪುತ್ತದೆ. ಆದರೆ ಪೂಲಿನೊಳಗಿನ ಹಣವನ್ನು ಯಾರಿಗೆ ಎಷ್ಟು ಕೊಡಬೇಕೆಂಬುದು ತಂಡಕ್ಕೆ ಬಿಟ್ಟದ್ದು. ಡ್ರಾಫ್ಟ್‌ನ ಚತುರತೆಯೆಲ್ಲ ಅಡಗಿರುವುದು ಈ ಸ್ವಾತಂತ್ರ್ಯದಲ್ಲಿ.

ಪ್ರಶ್ನೆ: ಆಸ್ಟ್ರೋಸ್ ಬೇಕೆಂದೇ ಸೋತು ಸತತ ಮೂರು ವರ್ಷ ಮೊದಲ ಆಯ್ಕೆ ಪಡೆಯಿತು, ಅದರಿಂದಲೇ ಚಾಂಪಿಯನ್ ಆಯಿತು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಇದು ನಿಜವೇ? (ಹ್ಯೂಸ್ಟನ್‌ನಲ್ಲಿ ನೆಲೆಸಿರುವ ಕನ್ನಡಿಗ ಓದುಗರು)

ಸೋಲುಗಳು ನಿಜ. 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯಗಳನ್ನು ಆ ತಂಡ ಸೋತಿತು. 2011ರ ಕೊನೆಯಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ಜೆಫ್ ಲೂನೋ ಹಿರಿಯ ಆಟಗಾರರನ್ನು ಬಿಟ್ಟುಕೊಟ್ಟು ಎಳೆಯರನ್ನು ಕೂಡಿಹಾಕುವ ದಾರಿಯನ್ನು ಹಿಡಿದರು. ಆದರೆ ಆ ಸೋಲುಗಳೇ ಗೆಲುವಿನ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2017ರ ತಂಡವನ್ನು ಒಮ್ಮೆ ನೋಡಿ. ಹೋಸೆ ಅಲ್ಟುವೆ ವೆನೆಜುವೆಲಾದಿಂದ ಕೇವಲ 15,000 ಡಾಲರ್‌ಗೆ ಬಂದವರು, ಡ್ರಾಫ್ಟ್‌ಗೆ ಅವರು ಸೇರಿಯೇ ಇರಲಿಲ್ಲ. ಡಲಾಸ್ ಕೈಕಲ್ 2009ರ ಏಳನೇ ಸುತ್ತಿನ ಆಯ್ಕೆ. ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರರೆನಿಸಿದ ಜಾರ್ಜ್ ಸ್ಪ್ರಿಂಗರ್ 2011ರ ಹನ್ನೊಂದನೇ ಆಯ್ಕೆ. ಈ ಮೂವರೂ ಲೂನೋ ಬರುವ ಮೊದಲೇ ತಂಡದಲ್ಲಿದ್ದರು. ಮೂರು ವರ್ಷಗಳ ಮೊದಲ ಆಯ್ಕೆಗಳ ಪೈಕಿ ಆ ತಂಡದಲ್ಲಿ ಆಡಿದವರು ಕಾರ್ಲೋಸ್ ಕೊರೆಯಾ ಒಬ್ಬರೇ.

ಕೊರೆಯಾ ಅವರನ್ನು ಆರಿಸಿದ ರೀತಿಯಂತೂ ಪಾಠವಾಗಿ ಓದಬೇಕಾದದ್ದು. 2012ರಲ್ಲಿ ಮೊದಲ ಆಯ್ಕೆಯ ಸ್ಲಾಟ್ 72 ಲಕ್ಷ ಡಾಲರ್ ಇತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಿಚರ್ (ಚೆಂಡು ಎಸೆಯುವವರು) ಮಾರ್ಕ್ ಆಪೆಲ್ ಇಲ್ಲವೇ ಜಾರ್ಜಿಯಾದ ಹೈಸ್ಕೂಲ್ ಹುಡುಗ ಬೈರನ್ ಬಕ್ಸ್‌ಟನ್ ಮೊದಲಿಗರಾಗುತ್ತಾರೆಂದು ಬಹುತೇಕರು ಎಣಿಸಿದ್ದಾಗ, ಆಸ್ಟ್ರೋಸ್ ಪೋರ್ಟೊರಿಕೋದ 17 ವರ್ಷದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಕೊರೆಯಾ ಅವರ ಹೆಸರು ಹೇಳಿ 48 ಲಕ್ಷಕ್ಕೆ ಒಪ್ಪಂದ ಮಾಡಿಕೊಂಡಿತು. ಹೀಗೆ ಉಳಿದ 24 ಲಕ್ಷ ಡಾಲರ್ ಪೂಲಿನಲ್ಲೇ ಇತ್ತಲ್ಲವೇ? ಅದರಲ್ಲಿ ಒಂದು ಪಾಲು, ಹೆಚ್ಚಿನ ಬೋನಸ್ ಕೇಳುತ್ತಿದ್ದ ಕಾರಣಕ್ಕೆ 41ನೇ ಸ್ಥಾನದವರೆಗೆ ಜಾರಿದ್ದ ಲ್ಯಾನ್ಸ್ ಮೆಕಲರ್ಸ್ ಅವರಿಗೆ ಸಂದಿತು. ಅವರಿಗೆ ಸಿಕ್ಕಿದ್ದು 25 ಲಕ್ಷ, ಅಂದರೆ ಆ ಸ್ಥಾನದ ಸ್ಲಾಟ್‌ನ ಸುಮಾರು ಎರಡು ಪಟ್ಟು. ನಾಲ್ಕನೇ ಸುತ್ತಿನಲ್ಲಿ ಆರಿಸಿದ ರಿಯೋ ರುಯಿಸ್ ಅವರಿಗೆ 18.5 ಲಕ್ಷ ಹೋಯಿತು. ಮೆಕಲರ್ಸ್ 2017ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ವಿರುದ್ಧದ ಲೀಗ್ ಚಾಂಪಿಯನ್‌ಷಿಪ್‌ನ ಏಳನೇ ಪಂದ್ಯದಲ್ಲಿ ಕೊನೆಯ 24 ಎಸೆತಗಳನ್ನೂ ಕರ್ವ್‌ಬಾಲ್ (ಬಾಗಿ ಇಳಿಯುವ ಎಸೆತ) ಆಗಿಯೇ ಎಸೆದು ತಂಡವನ್ನು ವರ್ಲ್ಡ್ ಸೀರೀಸ್‌ಗೆ ಕೊಂಡೊಯ್ದರು. ರುಯಿಸ್ ಆಸ್ಟ್ರೋಸ್ ಪರ ಆಡಲೇ ಇಲ್ಲ, ಆದರೆ 2015ರ ಜನವರಿಯಲ್ಲಿ ಅಟ್ಲಾಂಟಾಕ್ಕೆ ಹೋಗಿ, ಇವಾನ್ ಗ್ಯಾಟಿಸ್ ಅವರನ್ನು ಹ್ಯೂಸ್ಟನ್‌ಗೆ ತಂದ ಟ್ರೇಡ್‌ನ ಭಾಗವಾದರು. ಒಂದೇ ಆಯ್ಕೆಯಲ್ಲಿ ಉಳಿಸಿದ ಹಣ ಹೀಗೆ ಚಾಂಪಿಯನ್ ತಂಡದ ಮೂರು ಜಾಗಗಳನ್ನು ತುಂಬಿತು.

ಮರುವರ್ಷ ಅದೇ ತಂಡ, ಅದೇ ಮೊದಲ ಆಯ್ಕೆ. ಈ ಬಾರಿ ಆಪೆಲ್ ಅವರಿಗೆ 63.5 ಲಕ್ಷ ಡಾಲರ್ ಕೊಟ್ಟಿತು. ಎರಡನೇ ಸರದಿಯಲ್ಲಿ ಶಿಕಾಗೋ ಕಬ್ಸ್ ಕ್ರಿಸ್ ಬ್ರಯಂಟ್ ಅವರನ್ನು ಪಡೆಯಿತು, ಅವರು 2016ರಲ್ಲಿ ನ್ಯಾಷನಲ್ ಲೀಗ್‌ನ (ಅಮೆರಿಕದ ಉನ್ನತ ಮಟ್ಟದ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದು) ಅತ್ಯಮೂಲ್ಯ ಆಟಗಾರರಾದರು. ಆಪೆಲ್ ಹ್ಯೂಸ್ಟನ್ ಪರ ಒಂದು ಪಂದ್ಯವನ್ನೂ ಆಡದೆ ಫಿಲಡೆಲ್ಫಿಯಾಕ್ಕೆ ಟ್ರೇಡ್ ಆದರು, ಮಧ್ಯೆ ಆಟವನ್ನೇ ತೊರೆದರು, ಮತ್ತೆ ಮರಳಿ 2022ರ ಜೂನ್‌ನಲ್ಲಿ 30ನೇ ವಯಸ್ಸಿನಲ್ಲಿ ಮೇಜರ್ ಲೀಗ್ ಮೈದಾನಕ್ಕಿಳಿದರು. ಆ ಮರಳುವಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ತಂಡದ ಲೆಕ್ಕದಲ್ಲಿ ನೋಡಿದರೆ, ನೂರಕ್ಕೂ ಹೆಚ್ಚು ಸೋಲುಗಳಿಂದ ದೊರೆತ ಅವಕಾಶವೊಂದು ಹಾಗೆಯೇ ಕಳೆದುಹೋಯಿತು.

ಪ್ರಶ್ನೆ: ಆಯ್ಕೆಯಾದ ಹುಡುಗ ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಏನಾಗುತ್ತದೆ? (ಮೈಸೂರಿನ ವಿದ್ಯಾರ್ಥಿನಿ)

ಹೈಸ್ಕೂಲ್ ಮುಗಿಸಿದವನಾದರೆ ಅವನು ಕಾಲೇಜಿಗೆ ಹೋಗಬಹುದು, ಮುಂದೆ ಮತ್ತೆ ಡ್ರಾಫ್ಟ್‌ಗೆ ಬರಬಹುದು. ಮೊದಲ ಸುತ್ತಿನ ಆಟಗಾರ ಕೈತಪ್ಪಿದರೆ, ನಿಯಮದಂತೆ ಯೋಗ್ಯ ಮೊತ್ತವನ್ನು ಮುಂದಿಟ್ಟಿದ್ದ ತಂಡಕ್ಕೆ ಮರುವರ್ಷ ಒಂದು ಸ್ಥಾನ ಕೆಳಗಿನ ಆಯ್ಕೆ ಪರಿಹಾರವಾಗಿ ಸಿಗುತ್ತದೆ. ಆದರೆ ಆ ವರ್ಷದ ಪೂಲಿನಿಂದ ಅವನ ಸ್ಲಾಟ್ ಮೊತ್ತ ಕಳೆದುಹೋಗುತ್ತದೆ.

ಇದರ ಕಹಿಯಾದ ನಿದರ್ಶನ 2014ರದು. ಸ್ಯಾನ್ ಡಿಯೇಗೋದ ಎಡಗೈ ಪಿಚರ್ ಬ್ರೇಡಿ ಏಕನ್ ಅವರನ್ನು ಆಸ್ಟ್ರೋಸ್ ಮೊದಲಿಗರಾಗಿ ಆರಿಸಿ 65 ಲಕ್ಷ ಡಾಲರ್‌ಗೆ ಮಾತಾಡಿಕೊಂಡಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಮೊಣಕೈಯ ಅಸ್ಥಿರಜ್ಜುವಿನ ಬಗ್ಗೆ ಅನುಮಾನ ಬಂದ ಮೇಲೆ ಮೊತ್ತವನ್ನು ಇಳಿಸಿತು, ಜುಲೈ 18ರ ಗಡುವು ಮುಗಿದರೂ ಒಪ್ಪಂದವಾಗಲಿಲ್ಲ. ಅವರ ಸ್ಲಾಟ್ ಪೂಲಿನಿಂದ ಕಳೆದುಹೋದ ಕಾರಣ, 15 ಲಕ್ಷಕ್ಕೆ ಮಾತಾಗಿದ್ದ ಜೇಕಬ್ ನಿಕ್ಸ್ ಎಂಬ ಮತ್ತೊಬ್ಬ ಹುಡುಗನಿಗೂ ಹಣ ಕೊಡಲಾಗಲಿಲ್ಲ. ಮರುವರ್ಷ ಏಕನ್ ಅವರಿಗೆ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು, ಮೇಜರ್ ಲೀಗನ್ನು ಅವರು ತಲುಪಲೇ ಇಲ್ಲ. ತಂಡದ ವೈದ್ಯಕೀಯ ಅಂದಾಜು ಸರಿಯಿತ್ತೆಂದು ಹಲವರು ವಾದಿಸುತ್ತಾರೆ. ಏಕನ್ ಅವರ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ನಿಕ್ಸ್ ಅವರ ಮೊಣಕೈಯಲ್ಲಿ ಯಾರೂ ದೋಷ ಹೇಳಿರಲಿಲ್ಲ. ಆಟಗಾರರ ಸಂಘದ ಸದಸ್ಯರೂ ಆಗಿರದ ಹದಿಹರೆಯದ ಹುಡುಗರು ಇಂಥ ನಿಯಮಗಳಿಗೆ ತಲೆಬಾಗಬೇಕಾಗಿರುವುದು ಈ ವ್ಯವಸ್ಥೆಯ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ತಂಡಕ್ಕಾದರೋ ನಷ್ಟವೇ ಲಾಭವಾಯಿತು. ಪರಿಹಾರವಾಗಿ ಸಿಕ್ಕ 2015ರ ಎರಡನೇ ಆಯ್ಕೆಯಲ್ಲಿ ಅಲೆಕ್ಸ್ ಬ್ರೆಗ್‌ಮನ್ ಬಂದರು, ತನ್ನದೇ ಸರದಿಯ ಐದನೇ ಆಯ್ಕೆಯಲ್ಲಿ ಕೈಲ್ ಟಕರ್ ಬಂದರು.

ಪ್ರಶ್ನೆ: ಭಾರತದ ಹುಡುಗನೊಬ್ಬ ಈ ಡ್ರಾಫ್ಟ್‌ಗೆ ಸೇರಬಹುದೇ? (ಹಾಸನದ ಓದುಗರು)

ಇಲ್ಲಿಯೇ ಇದ್ದುಕೊಂಡು ಸೇರುವಂತಿಲ್ಲ. ಅಮೆರಿಕ, ಕೆನಡಾ ಮತ್ತು ಪೋರ್ಟೊರಿಕೋದಂಥ ಅಮೆರಿಕದ ಆಡಳಿತ ಪ್ರದೇಶಗಳ ವಾಸಿಗಳಿಗೆ ಮತ್ತು ಅಲ್ಲಿ ಓದುತ್ತಿರುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಉಳಿದ ದೇಶದವರೊಡನೆ ತಂಡಗಳು ನೇರವಾಗಿ ಒಪ್ಪಂದ ಮಾಡಿಕೊಳ್ಳುತ್ತವೆ. 2008ರಲ್ಲಿ ರಿಂಕು ಸಿಂಗ್ (ಇಂದಿನ ಕ್ರಿಕೆಟಿಗರಲ್ಲ) ಮತ್ತು ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದು ಹಾಗೆಯೇ.

ಪ್ರಶ್ನೆ: ಇಷ್ಟು ಕಷ್ಟಪಟ್ಟು ಬೆಳೆಸಿದ ಪ್ರಾಸ್ಪೆಕ್ಟ್‌ಗಳನ್ನು (ಭರವಸೆಯ ಎಳೆಯ ಆಟಗಾರರನ್ನು) ಟ್ರೇಡ್‌ನಲ್ಲಿ ಬಿಟ್ಟುಕೊಡುವುದು ಜಾಣತನವೇ? (ಧಾರವಾಡದ ಓದುಗರು)

ಯಾರನ್ನು, ಯಾವಾಗ, ಯಾರಿಗಾಗಿ ಎಂಬುದನ್ನು ಅವಲಂಬಿಸಿ ಅದು ಜಾಣತನವೂ ಆಗುತ್ತದೆ, ದುಡುಕೂ ಆಗುತ್ತದೆ. ಆಸ್ಟ್ರೋಸ್ ಎರಡನ್ನೂ ಮಾಡಿದೆ.

2015ರ ಜುಲೈನಲ್ಲಿ ಅನಿರೀಕ್ಷಿತವಾಗಿ ಗೆಲ್ಲುತ್ತಿದ್ದ ತಂಡವು ಮಿಲ್ವಾಕಿಯಿಂದ ಕಾರ್ಲೋಸ್ ಗೋಮೆಸ್ ಮತ್ತು ಮೈಕ್ ಫೈಯರ್ಸ್ ಅವರನ್ನು ತರಲು ನಾಲ್ವರು ಎಳೆಯರನ್ನು ಬಿಟ್ಟುಕೊಟ್ಟಿತು. ಅವರಲ್ಲೊಬ್ಬರು ಜಾಶ್ ಹೇಡರ್. ಗೋಮೆಸ್ ಅವರನ್ನು ಮರುವರ್ಷದ ಆಗಸ್ಟ್‌ನಲ್ಲಿ ತಂಡವೇ ಕೈಬಿಟ್ಟಿತು, ಹೇಡರ್ ಮಿಲ್ವಾಕಿಯಲ್ಲಿ ಲೀಗ್‌ನ ಅತ್ಯುತ್ತಮ ರಿಲೀವರ್ (ಪಂದ್ಯದ ಮಧ್ಯೆ ಬದಲಿಯಾಗಿ ಬರುವ ಪಿಚರ್) ಆಗಿ ಬೆಳೆದರು. 2024ರ ಜನವರಿಯಲ್ಲಿ ಅದೇ ಹೇಡರ್ ಅವರನ್ನು ಐದು ವರ್ಷಗಳಿಗೆ 9.5 ಕೋಟಿ ಡಾಲರ್ ಕೊಟ್ಟು ಹ್ಯೂಸ್ಟನ್ ಮರಳಿ ತಂದುಕೊಂಡಿತು.

2017ರ ಆಗಸ್ಟ್ 31ರ ರಾತ್ರಿಯದು ಬೇರೆಯೇ ಕಥೆ. ಟ್ರೇಡ್‌ನ ಗಡುವು ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಡೆಟ್ರಾಯಿಟ್‌ನಿಂದ 34 ವರ್ಷದ ಜಸ್ಟಿನ್ ವರ್ಲ್ಯಾಂಡರ್ ಬಂದರು. ಬದಲಿಗೆ ಹೋದವರು ಪಿಚರ್ ಫ್ರಾಂಕ್ಲಿನ್ ಪೆರೆಸ್, ಔಟ್‌ಫೀಲ್ಡರ್ ಡ್ಯಾಸ್ ಕ್ಯಾಮರನ್ ಮತ್ತು ಕ್ಯಾಚರ್ ಜೇಕ್ ರಾಜರ್ಸ್. ವರ್ಲ್ಯಾಂಡರ್ ಸೆಪ್ಟೆಂಬರ್‌ನಲ್ಲಿ ತಾವು ಆಡಿದ ಐದು ಪಂದ್ಯಗಳನ್ನೂ ಗೆದ್ದರು, ಯಾಂಕೀಸ್ ವಿರುದ್ಧದ ಸರಣಿಯ ಅತ್ಯುತ್ತಮ ಆಟಗಾರರಾದರು, ಮುಂದೆ 2019 ಮತ್ತು 2022ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಗಾಯಗಳಿಂದ ನರಳಿದ ಪೆರೆಸ್ ಮೇಜರ್ ಲೀಗ್‌ಗೆ ಬರಲೇ ಇಲ್ಲ. ಆ ದಿನ ಬಿಟ್ಟುಕೊಡದೆ ಉಳಿಸಿಕೊಂಡ ಟಕರ್, 2022ರ ವರ್ಲ್ಡ್ ಸೀರೀಸ್ ಗೆಲುವಿನ ಕೊನೆಯ ಕ್ಯಾಚ್ ಹಿಡಿದರು. ಎಳೆಯ ಪಿಚರ್‌ಗಳ ಭುಜ, ಮೊಣಕೈಗಳು ಯಾವಾಗ ಕೈಕೊಡುತ್ತವೆಂದು ಹೇಳಲಾಗದು. ಆದ್ದರಿಂದ ಹೆಸರು ಉತ್ತುಂಗದಲ್ಲಿರುವಾಗ ಪಿಚರ್‌ಗಳನ್ನು ಕೊಟ್ಟು, ದಿನವೂ ಬ್ಯಾಟ್ ಹಿಡಿಯುವವರನ್ನು ಉಳಿಸಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಹೇಡರ್ ಇದಕ್ಕೆ ಅಪವಾದವೆಂಬುದು ನಿಜ, ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಪ್ರಶ್ನೆ: ಈಗ ಆ ತಂಡದ ಸ್ಥಿತಿ ಹೇಗಿದೆ? ಮತ್ತೆ ಸೋತು ಕಟ್ಟುವುದೇ ದಾರಿಯೇ? (ಬೆಂಗಳೂರಿನ ಓದುಗರು)

ಆ ದಾರಿ ಈಗ ಬಹುಪಾಲು ಮುಚ್ಚಿದೆ. 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಗಳನ್ನು ಲಾಟರಿಯಿಂದ ಹಂಚಲಾಗುತ್ತಿದೆ, ಅತಿ ಹೆಚ್ಚು ಸೋತ ತಂಡಕ್ಕೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ 16.5 ಮಾತ್ರ. ಅಭಿಮಾನಿಗಳು ಹಣ ಕೊಟ್ಟು ಟಿಕೆಟ್ ಕೊಳ್ಳುವ ಆಟದಲ್ಲಿ ಈ ಬದಲಾವಣೆ ಬರಲೇಬೇಕಿತ್ತು.

ಯಾವ ಎಸೆತ ಬೇಕೆಂದು ಎದುರಾಳಿ ಕ್ಯಾಚರ್‌ಗಳು ತಮ್ಮ ಪಿಚರ್‌ಗಳಿಗೆ ತೋರಿಸುವ ಸಂಜ್ಞೆಗಳನ್ನು ಕ್ಯಾಮೆರಾ ಮೂಲಕ ಕದ್ದದ್ದಕ್ಕೆ 2020ರ ಜನವರಿಯಲ್ಲಿ ಆಸ್ಟ್ರೋಸ್‌ಗೆ 50 ಲಕ್ಷ ಡಾಲರ್ ದಂಡ ಬಿತ್ತು, 2020 ಮತ್ತು 2021ರ ಮೊದಲ ಎರಡು ಸುತ್ತುಗಳ ಆಯ್ಕೆಗಳನ್ನು ಕಿತ್ತುಕೊಳ್ಳಲಾಯಿತು, ಲೂನೋ ಕೆಲಸ ಕಳೆದುಕೊಂಡರು. ಕಳ್ಳತನವನ್ನು ಬಹಿರಂಗವಾಗಿ ಹೇಳಿದವರು ಹೇಡರ್ ಅವರಿಗೆ ಬದಲಾಗಿ ಬಂದಿದ್ದ ಅದೇ ಫೈಯರ್ಸ್. ಶ್ರೀಮಂತ ಕ್ಲಬ್ಬೊಂದಕ್ಕೆ ದಂಡದ ಹಣ ದೊಡ್ಡದಲ್ಲ, ಆಯ್ಕೆಗಳ ನಷ್ಟವೇ ನಿಜವಾದ ಶಿಕ್ಷೆ. ಆ ಹೊತ್ತಿಗೆ ಬಂದಿರಬೇಕಾಗಿದ್ದ ಎಳೆಯರ ಕೊರತೆ ತಂಡವನ್ನು ಇಂದಿಗೂ ಕಾಡುತ್ತಿದೆ. ಶಿಕ್ಷೆ ಮುಗಿದ ಮೇಲೆ 2022ರಲ್ಲಿ ಮೊದಲ ಸುತ್ತಿನಲ್ಲಿ ಆರಿಸಿದ ಡ್ರೂ ಗಿಲ್ಬರ್ಟ್ ಅವರನ್ನೂ, ನ್ಯೂಯಾರ್ಕ್ ಮೆಟ್ಸ್ ಸೇರಿದ್ದ ವರ್ಲ್ಯಾಂಡರ್ ಅವರನ್ನು ಮರಳಿ ತರಲು ಒಂದೇ ವರ್ಷದಲ್ಲಿ ಬಿಟ್ಟುಕೊಟ್ಟದ್ದು ನನಗೆ ಸರಿಕಾಣಲಿಲ್ಲ.

2024ರ ಡಿಸೆಂಬರ್‌ನ ಟ್ರೇಡ್ ಮಾತ್ರ ಹಳೆಯ ವಿವೇಕವನ್ನು ತೋರಿಸಿತು. ಒಪ್ಪಂದ ಮುಗಿಯಲು ಒಂದೇ ವರ್ಷವಿದ್ದ ಟಕರ್ ಅವರನ್ನು ಕಬ್ಸ್‌ಗೆ ಕೊಟ್ಟು, ಇಸಾಕ್ ಪಾರೆಡೆಸ್, ಹೇಡನ್ ವೆಸ್ನೆಸ್ಕಿ ಮತ್ತು ಅದೇ ವರ್ಷದ ಡ್ರಾಫ್ಟ್‌ನಲ್ಲಿ ಹದಿನಾಲ್ಕನೆಯವರಾಗಿ ಆಯ್ಕೆಯಾಗಿದ್ದ ಕ್ಯಾಮ್ ಸ್ಮಿತ್ ಅವರನ್ನು ಪಡೆಯಲಾಯಿತು. ಡ್ರಾಫ್ಟ್‌ನಲ್ಲಿ ಕೈತಪ್ಪಿದ ಎಳೆಯ ಪ್ರತಿಭೆಯನ್ನು ಬೇರೆ ತಂಡದ ಆಯ್ಕೆಯಿಂದಲೇ ತುಂಬಿಕೊಳ್ಳುವ ಈ ಕ್ರಮ, ಮೇಲಿನ ಸರದಿ ಸಿಗದ ತಂಡಕ್ಕೆ ಉಳಿದಿರುವ ಉತ್ತಮ ಹಾದಿ. 2025ರ ಋತು ಆರಂಭವಾದಾಗ, ಟಕರ್ ಆಡುತ್ತಿದ್ದ ರೈಟ್‌ಫೀಲ್ಡ್‌ನಲ್ಲಿಯೇ ಸ್ಮಿತ್ ನಿಂತರು.