ಒಂದು ಗುಂಡಿಗೆ ಇಷ್ಟೊಂದು ಮಾತೇ?

ಓದುಗರ ಪತ್ರ: ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡೆ. ಮೈಕ್ ಮುಚ್ಚುವ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ನಾನೇ ಸ್ಕ್ರಿಪ್ಟ್ ಬರೆದು ಬೇರೆ ಕೀಲಿಗೆ ಕಟ್ಟಿಕೊಂಡಿದ್ದೇನೆ. ಇಷ್ಟಕ್ಕಾಗಿ ಕಂಪನಿಗೊಂದರಂತೆ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಬರೆದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ತುರುಕುವುದು ಅತಿಯಲ್ಲವೇ?

ಸಂಪಾದಕರ ಉತ್ತರ: ಕರ್ನಲ್ ಊದಿಕೊಳ್ಳುತ್ತಿದೆ ಎಂಬ ನಿಮ್ಮ ಆತಂಕ ಸುಳ್ಳಲ್ಲ. 2013ರ ಆರಂಭದಲ್ಲಿ ಇಂಥದೇ ಒಂದು ಡ್ರೈವರ್, ಯುಇಎಫ್‌ಐ ಎಂಬ ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ತಂತ್ರಾಂಶ) ಮೂಲಕ ಚಾಲೂ ಆಗುವ ಕೆಲವು ಲ್ಯಾಪ್‌ಟಾಪ್‌ಗಳನ್ನು ಮತ್ತೆ ಏಳದಂತೆ ಮಲಗಿಸಿದ್ದೂ ಉಂಟು. ಅಷ್ಟನ್ನು ಒಪ್ಪಿಕೊಂಡೇ ಜಗಳಕ್ಕೆ ಇಳಿಯುತ್ತೇನೆ.

ನಿಮ್ಮ ಜಾಣತನವನ್ನು ಒಮ್ಮೆ ನಾನೂ ಮಾಡಿದ್ದೆ. ನನ್ನ ಲ್ಯಾಪ್‌ಟಾಪಿನ ಮೈಕ್ ಗುಂಡಿಯ ಮೂಲೆಯಲ್ಲಿ ಸಾಸಿವೆ ಗಾತ್ರದ ಕೆಂಪು ದೀಪವಿತ್ತು. ದೀಪ ಹೊತ್ತಿಸುತ್ತಿದ್ದುದು ಯಂತ್ರದೊಳಗಿನ ಪುಟ್ಟ ನಿಯಂತ್ರಕ. ಮೈಕ್ ಮುಚ್ಚುತ್ತಿದ್ದುದು ನನ್ನ ಸ್ಕ್ರಿಪ್ಟ್. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಒಂದು ದಿನ ಯಂತ್ರ ನಿದ್ದೆಯಿಂದ ಎದ್ದಾಗ ಎರಡೂ ತಿರುವುಮುರುವಾಗಿದ್ದವು. ಕೆಂಪು ದೀಪವನ್ನು ನಂಬಿ, ಆನ್‌ಲೈನ್ ಸಭೆಯ ನಡುವೆ ಲೇಖಕರೊಬ್ಬರ ಹಸ್ತಪ್ರತಿಯ ಬಗ್ಗೆ ಪಕ್ಕದವರಿಗೆ ಏನೋ ಹೇಳಿದೆ. ಲೇಖಕರು ಅದೇ ಸಭೆಯಲ್ಲಿದ್ದರು. ಆಮೇಲೆ ಅವರು ನಮಗೆ ಬರೆಯಲಿಲ್ಲ.

ಡ್ರೈವರ್ ಇದ್ದಿದ್ದರೆ ಗುಂಡಿ, ದೀಪ, ಮೈಕ್ ಮೂರೂ ಒಂದೇ ಮಾತು ಆಡುತ್ತಿದ್ದವು.

ಎಲ್ಲ ಗುಂಡಿಗಳಿಗೂ ಡ್ರೈವರ್ ಬೇಕಿಲ್ಲ, ನಿಜ. ಕೆಲವು ಗುಂಡಿಗಳು ಸಾಮಾನ್ಯ ಕೀಲಿಗಳ ದಾರಿಯಲ್ಲೇ ಬರುತ್ತವೆ. ಕರ್ನಲ್‌ಗೆ ಗುರುತು ಸಿಗದಿದ್ದರೆ ‘ಅಪರಿಚಿತ ಕೀಲಿ’ ಎಂದು ಸಂಕೇತದ ಸಮೇತ ತನ್ನ ದಿನಚರಿಯಾದ ಲಾಗ್‌ನಲ್ಲಿ ಬರೆದಿಡುತ್ತದೆ. ಅಂಥವಕ್ಕೆ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ನ ಹಾರ್ಡ್‌ವೇರ್ ಪಟ್ಟಿಯಲ್ಲಿ ಒಂದೆರಡು ಸಾಲು ಸಾಕು. ತಲೆನೋವು ಉಳಿದವುಗಳದು. ಅವು ಕೀಲಿಮಣೆಯ ದಾರಿಯನ್ನೇ ತುಳಿಯುವುದಿಲ್ಲ. ಫರ್ಮ್‌ವೇರ್ ಮತ್ತು ಕರ್ನಲ್ ಮಾತಾಡಿಕೊಳ್ಳುವ ಎಸಿಪಿಐ ಎಂಬ ಏರ್ಪಾಡಿನ ಮೂಲಕ, ಎಷ್ಟೋ ಯಂತ್ರಗಳಲ್ಲಿ ವಿಂಡೋಸ್‌ಗೆಂದೇ ಮಾಡಿಟ್ಟ ಡಬ್ಲ್ಯುಎಂಐ ಎಂಬ ಹಿತ್ತಿಲ ಬಾಗಿಲಿನಿಂದ, ಒಂದು ಸಂಖ್ಯೆಯಾಗಿ ಬಂದು ಬೀಳುತ್ತವೆ. ಪರದೆಯ ಬೆಳಕು ಹೆಚ್ಚಿಸುವ, ತಗ್ಗಿಸುವ ಸೂಚನೆಗಳಿಗಾದರೂ ಎಸಿಪಿಐ ನಿಗದಿತ ಸಂಖ್ಯೆ ಕೊಟ್ಟಿದೆ. ಮಿಕ್ಕವು ತಯಾರಕರ ಮರ್ಜಿ. ಗುಂಡಿಯ ಮೇಲೆ ಮೈಕಿನ ಚಿತ್ರ ಅಚ್ಚು ಹಾಕುವ ಕಂಪನಿಗೆ ಆ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಲು ಏನು ಧಾಡಿ? ಅದು ಹಾಕದ್ದರಿಂದ ಯಾರೋ ಒಬ್ಬರು ರಾತ್ರಿ ಕೂತು, ಫರ್ಮ್‌ವೇರ್‌ನ ಕೋಷ್ಟಕವನ್ನು ಬಿಡಿಸಿ ಓದಿ, ಒಂದೊಂದೇ ಗುಂಡಿ ಒತ್ತಿ ಏನು ಉದುರುತ್ತದೆ ಎಂದು ನೋಡಬೇಕು. ಇಂದಿನ ಥಿಂಕ್‌ಪ್ಯಾಡ್ ಡ್ರೈವರ್‌ನ ಮೂಲ 2004ರಲ್ಲಿ ಐಬಿಎಂ-ಎಸಿಪಿಐ ಎಂಬ ಹೆಸರಿನಲ್ಲಿ ಹೊರಬಂದದ್ದು ಇಂಥದೇ ಶ್ರಮದಿಂದ.

ಸಂಖ್ಯೆ ಸಿಕ್ಕರೂ ಗೋಳು ಮುಗಿಯದು. ಲಿನಕ್ಸ್‌ನಲ್ಲಿ ಮೈಕ್ ಮುಚ್ಚುವ ಕೀಲಿಯ ಕ್ರಮಾಂಕ 248. ಪರದೆ, ಕೀಲಿಮಣೆಗಳನ್ನು ನೋಡಿಕೊಳ್ಳುವ ಹಳೆಯ ಎಕ್ಸ್11 ವ್ಯವಸ್ಥೆ ಅದಕ್ಕೆ 8 ಕೂಡಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಎಣಿಕೆ ಬರುವುದು 255ರವರೆಗೆ ಮಾತ್ರ. ಒಂದೇ ಒಂದು ಹೆಚ್ಚಾಯಿತು! ಹಾಗಾಗಿ ಬಡಪಾಯಿ ಮೈಕ್ ಗುಂಡಿ ಎಷ್ಟೋ ಯಂತ್ರಗಳಲ್ಲಿ ಎಫ್20 ಎಂಬ ಬೇರೆ ಕೀಲಿಯ ವೇಷ ಹಾಕಿಕೊಂಡು ಓಡಾಡಬೇಕಾಯಿತು. ಇದನ್ನೆಲ್ಲ ಲೆಕ್ಕ ಹಾಕಿ ಕೂಡಿಸಿದವರಿಗೆ ಯಾರೂ ಹಾರ ಹಾಕಿದ್ದನ್ನು ನಾನು ಕಂಡಿಲ್ಲ. ಹೊಸ ಫೈಲ್ ಸಿಸ್ಟಮ್ ಬರೆದವರಿಗೆ ವೇದಿಕೆ, ಗುಂಡಿ ಸರಿಪಡಿಸಿದವರಿಗೆ ‘ಇಷ್ಟು ದಿನ ಯಾಕೆ ಮಾಡಲಿಲ್ಲ’ ಎಂಬ ಪ್ರಶ್ನೆ. ನಮ್ಮ ಕಚೇರಿಯಲ್ಲಿ ಕರಡು ತಿದ್ದುವವರ ಪಾಡೂ ಇದೇ: ಸಾವಿರ ತಪ್ಪು ತೆಗೆದರೂ ಓದುಗರು ಪತ್ರ ಬರೆಯುವುದು ಉಳಿದ ಒಂದರ ಬಗ್ಗೆ. (ಕಳೆದ ಸಂಚಿಕೆಯ ಮುಖಪುಟದ ಬಗ್ಗೆ ಬಂದ ಪತ್ರಗಳು ಮೇಜಿನ ಮೇಲಿವೆ. ದಯವಿಟ್ಟು ಸಾಕು.)

ನಿಮ್ಮ ಸ್ಕ್ರಿಪ್ಟ್ ಚೆನ್ನಾಗಿಯೇ ಇದ್ದೀತು. ಆದರೆ ಅದು ನಿಮ್ಮೊಬ್ಬರ ಯಂತ್ರದಲ್ಲಿ ಕೂತಿದೆ. ಅದೇ ಮಾದರಿ ಕೊಂಡವರೆಲ್ಲ ಅದೇ ಗುಂಡಿ ಒತ್ತಿ, ಅದೇ ಮೌನ ಕಂಡು, ತಮ್ಮದೇ ಸ್ಕ್ರಿಪ್ಟ್ ಬರೆಯುತ್ತ ಕೂರಬೇಕೇ? ಗುಂಡಿಯನ್ನು ಒಮ್ಮೆ ಒತ್ತಿ, ಕರ್ನಲ್‌ನ ಲಾಗ್ ತೆರೆದು ಕೊನೆಯ ಸಾಲು ನೋಡಿ. ಅಲ್ಲಿ ಬಂದದ್ದನ್ನು ಇದ್ದಂತೆಯೇ ನಕಲು ಮಾಡಿ ಕಳಿಸಿ. ಏನೂ ಬರದಿದ್ದರೆ ಹಾಗೆಂದೇ ಬರೆಯಿರಿ. ಲ್ಯಾಪ್‌ಟಾಪಿನ ಮಾದರಿ ಯಾವುದೆಂದೂ ತಿಳಿಸಿ. ಎರಡು ಪುಟದ ಪತ್ರದಲ್ಲಿ ನೀವು ಬರೆಯದೇ ಬಿಟ್ಟದ್ದು ಅದೊಂದನ್ನೇ.